ಕೈ ನೋಡಬೇಕು, ಚೆಂಡನ್ನಲ್ಲ

ಫೆಬ್ರವರಿ 1, ಭಾನುವಾರ. ಸಂಜೆ 7.40

ಅಂಪೈರಿಂಗಿನ ನೀಲಿ ಶರ್ಟು ನೆನೆಹಾಕಿದೆ. ಮಂಡಿಗೆ ಎಣ್ಣೆ ಹಚ್ಚಿದ್ದಾಯಿತು.

ತಾತನಾದೆ! ಹಂಸಾಗೆ ಹೆಣ್ಣು ಮಗು. ಸಂಜೆ 4.52ಕ್ಕೆ ಕಾತ್ಯಾಯಿನಿಯ ಮೆಸೇಜು — "ಮಗಳು, ಮೊಮ್ಮಗಳು ಇಬ್ರೂ ಚೆನ್ನಾಗಿದಾರೆ ರೀ. ಮ್ಯಾಚ್ ಮುಗಿಸ್ಕೊಂಡು ಬನ್ನಿ." ಆಸ್ಪತ್ರೆಗೆ ಹೋಗಿ ನೋಡಿ ಬಂದೆ. ಪುಟ್ಟ ಮುಷ್ಟಿ ಬಿಗಿದು ಮಲಗಿದೆ. ಬೇಸ್‌ಬಾಲಿನಲ್ಲಿ ಅಂಪೈರ್ ಔಟ್ ಕೊಟ್ಟ ಹಾಗೆ. ನಗು ಬಂತು.

ಮ್ಯಾಚು — ವಸಂತಪುರದ ಗ್ರೌಂಡು, ಹುಡುಗಿಯರ ಬೇಸ್‌ಬಾಲ್ ಫೈನಲ್. ಅಂಪೈರುಗಳು ನಾವಿಬ್ಬರು: ಬ್ಯಾಟರಿನ ಹೋಮ್ ಪ್ಲೇಟ್ ಹಿಂದೆ ಸಂಜೀವಯ್ಯ, ಮೂರನೇ ಬೇಸಿನಲ್ಲಿ ನಾನು. ಕೊನೆಯ ಇನ್ನಿಂಗ್ಸ್. ಫೀಲ್ಡಿಂಗ್ ತಂಡ ಗೆಲ್ಲಲು ಒಂದೇ ಔಟ್ ಬಾಕಿ. ಎಡಗಡೆ ಕಾಂಪೌಂಡ್ ಗೋಡೆಯತ್ತ ಚೆಂಡು ಎತ್ತರಕ್ಕೆ ಹೋಯಿತು. ಗೊಟ್ಟಿಗೆರೆಯ ಮೇಘಶ್ರೀ ಓಡಿ ಗ್ಲೌಸ್ ಚಾಚಿದಳು. ಚೆಂಡು ಹುಲ್ಲಿಗೆ ಬಿತ್ತು. ಎರಡೂ ಕೈ ಅಗಲಿಸಿ ನೋ ಕ್ಯಾಚ್ ಎಂದೆ. ಎರಡು ರನ್ ಬಂದವು. ಅವಳ ತಂಡ ಸೋತಿತು.

ಹುಡುಗಿ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಗೋಡೆಯ ಕಡೆ ತಿರುಗಿ ಯಾರನ್ನೋ ಹುಡುಕುವವಳಂತೆ ನಿಂತಿದ್ದಳು.

ರಿಪೋರ್ಟಿನಲ್ಲಿ ಬರೆದೆ: "ಹತ್ತಿರದಿಂದ ಸ್ಪಷ್ಟವಾಗಿ ನೋಡಿದ್ದೇನೆ. ಹಿಡಿತ ಸಿಗುವ ಮುನ್ನವೇ ಫೀಲ್ಡರ್ ಚೆಂಡು ಬಿಟ್ಟಿದ್ದಾಳೆ." ಸಹಿ ಹಾಕಿ ಕೊಟ್ಟೆ.

ಫೆಬ್ರವರಿ 2, ಸೋಮವಾರ. ಬೆಳಿಗ್ಗೆ 6.30

ಮನೆಯಲ್ಲಿ ಒಬ್ಬನೇ. ಕಾತ್ಯಾಯಿನಿ ಆಸ್ಪತ್ರೆಯಲ್ಲಿ. ನಾನೇ ಮಾಡಿಕೊಂಡ ಕಾಫಿ, ಅದೂ ಕೈಯಿಂದ ಬಿತ್ತು.

ಲೋಟ ಜಾರಲಿಲ್ಲ. ಗಟ್ಟಿಯಾಗಿ ಹಿಡಿದಿದ್ದೆ. ಅಂಗೈಯ ಒಳಗಿನಿಂದ ಯಾರೋ ಎರಡು ಬೆರಳು ತೂರಿಸಿ ಮೆತ್ತಗೆ ಎತ್ತಿಕೊಂಡ ಹಾಗಾಯಿತು... ಬೆಚ್ಚಗಿನ ಬೆರಳು. ನಿದ್ದೆ ಸಾಲದು, ಅಷ್ಟೇ.

ಫೆಬ್ರವರಿ 4, ಬುಧವಾರ. ಸಂಜೆ 5.15

ಹಂಸಾ, ಮಗು ಮನೆಗೆ ಬಂದರು. ಬಾಣಂತಿಗೆಂದು ಬನಶಂಕರಿಯಿಂದ ತಂದ ತುಪ್ಪದ ಬಾಟಲಿ ಗೇಟಿನ ಹತ್ತಿರ ಚೂರಾಯಿತು. ನಿನ್ನೆ ಕನ್ನಡಕ. ಮೊನ್ನೆಯೇ ಬೀಗದ ಕೈ. ಪ್ರತಿ ಸಲವೂ ಅದೇ ಎರಡು ಬೆರಳು.

ಮೂಲೆಯ ಕ್ಲಿನಿಕ್ಕಿಗೆ ಹೋದೆ. ಡಾಕ್ಟರ್ ತಮ್ಮ ಬೆರಳು ಕೊಟ್ಟು "ಹಿಸುಕಿ" ಎಂದರು. ಹಿಸುಕಿದೆ. "ಸಾಕು ಸಾರ್, ಬಿಡಿ ಬಿಡಿ!" ಎಂದು ಕೈ ಕೊಡವಿಕೊಂಡರು. ಕೈಗೆ ಏನೂ ಆಗಿಲ್ಲವಂತೆ.

ಮಗುವನ್ನು ಎತ್ತಿಕೊಳ್ಳಬೇಕೆಂಬ ಆಸೆ ಎದೆಯವರೆಗೂ ಬಂದು ನಿಲ್ಲುತ್ತದೆ. ಭಯ. ಕಾತ್ಯಾಯಿನಿಯೇ ಅಡ್ಡ ಬಂದಳು. "ಪುರುಡು ಕಳೀಲಿ ರೀ. ಹನ್ನೆರಡನೇ ದಿನ ನಾಮಕರಣ. ಅವತ್ತು ತೊಟ್ಟಿಲಿಗೆ ಹಾಕೋದು ನೀವೇ." ಸದ್ಯ, ಬದುಕಿದೆ ಎನಿಸಿತು. ತಾತನಾದವನು ಹಾಗೆ ಅಂದುಕೊಳ್ಳುವುದೇ?

ಫೆಬ್ರವರಿ 6, ಶುಕ್ರವಾರ. ಬೆಳಿಗ್ಗೆ 11

ಸಂಜೀವಯ್ಯನ ಫೋನು. ರಾಜ್ಯ ತಂಡದ ಪಟ್ಟಿಯಿಂದ ಮೇಘಶ್ರೀಯನ್ನು ಕೈಬಿಟ್ಟಿದ್ದಾರೆ. ನನ್ನ ರಿಪೋರ್ಟು ನೋಡಿಯೇ. ಪಟ್ಟಿ ಕೊನೆಯಾಗುವುದು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ.

"ಏನ್ಮಾಡೋಕಾಗುತ್ತೆ ಬದರಿ ಸಾರ್. ಗೋಡೆ ತನಕ ಓಡ್ಹೋಗಿ ನಿಂತು ನೋಡಿದೀರಿ. ಈ ಮಂಡೀಲಿ ಅದೆಂಗೆ ಓಡಿದ್ರೋ!"

ಕುಟುಕುತ್ತಿದ್ದಾನೆ ಎಂದುಕೊಂಡು ಫೋನಿಟ್ಟೆ. ದನಿಯಲ್ಲಿ ಕುಟುಕಿರಲಿಲ್ಲ.

ಇಲ್ಲಿ ಯಾರು ಓದುತ್ತಾರೆ. ಬರೆದುಬಿಡುತ್ತೇನೆ.

ಹದಿನೈದು ವರ್ಷದಿಂದ ಹೊಸ ಅಂಪೈರುಗಳಿಗೆ ಪಾಠ ಹೇಳಿದವನು ನಾನು. ಚೆಂಡು ನೆಲದಲ್ಲಿದೆ ಎಂದ ಮಾತ್ರಕ್ಕೆ ಕ್ಯಾಚ್ ತಪ್ಪಿತು ಎನ್ನಬೇಡಿ. ಹಿಡಿತಕ್ಕೆ ತಂದುಕೊಂಡು, ತಾನಾಗಿ ಬಿಟ್ಟರೆ ಔಟೇ. ಎಸೆಯಲೆಂದು ಗ್ಲೌಸಿನಿಂದ ತೆಗೆಯುವಾಗ ಕೈತಪ್ಪಿದರೂ ಔಟೇ. ಹಿಡಿತ ಸಿಗುವ ಮೊದಲೇ ಉದುರಿದರೆ, ಇಲ್ಲವೆ ಹಿಡಿದೊಡನೆ ಗೋಡೆಗೆ ಬಡಿದು ಉದುರಿದರೆ ಮಾತ್ರ ನೋ ಕ್ಯಾಚ್. ಅದಕ್ಕೇ ಓಡಿ ಹತ್ತಿರ ಹೋಗಿ. ಚೆಂಡು ಗ್ಲೌಸಿಗೆ ಸೇರಿದ ಮೇಲೆ ಕೈ ನೋಡಿ, ಚೆಂಡನ್ನಲ್ಲ.

ನಾನು ಕೈ ನೋಡಲಿಲ್ಲ. ಓಡಲೂ ಇಲ್ಲ. ಜೇಬಿನಲ್ಲಿ ಫೋನು ನಡುಗಿತು. ಮೈದಾನಕ್ಕೆ ಫೋನು ತರಬಾರದು, ತಂದಿದ್ದೆ. ತೆಗೆದು ನೋಡಿದೆ. 4.52. ತಲೆಯೆತ್ತಿದಾಗ ಚೆಂಡು ಹುಲ್ಲಿನಲ್ಲಿತ್ತು. ಬಿದ್ದಿದೆಯಲ್ಲ, ಇನ್ನೇನು ಎಂದು ಕೈ ಅಗಲಿಸಿಬಿಟ್ಟೆ.

ನಾಚಿಕೆಯಾಗುತ್ತಿದೆ.

ಫೆಬ್ರವರಿ 8, ಭಾನುವಾರ. ಮಧ್ಯಾಹ್ನ 2.20

ಗೊಟ್ಟಿಗೆರೆಗೆ ಹೋಗಿ ಬಂದೆ. ಕೆರೆಯ ಹಿಂದಿನ ಹಳೆಯ ಬೀದಿ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮೊಳೆಗೆ ತೂಗುಹಾಕಿದ ಗ್ಲೌಸ್.

ತಾಯಿ ಲತಾಮಣಿ ನೀರು ತಂದರು. ಗಾಜಿನ ಲೋಟ. ಬೀಳಿಸುತ್ತೇನೆಂದು ಹೆದರಿ ಬೇಡ ಎಂದೆ. ಅವರ ಮುಖ ಸಣ್ಣಗಾಯಿತು. "ಪರವಾಗಿಲ್ಲ ಬಿಡಿ ಸಾರ್. ನಮ್ಗೆ ಅಭ್ಯಾಸ ಐತೆ" ಎಂದು ತಿರುಗಿದರು. ಅವರು ಏನೆಂದುಕೊಂಡರೆಂದು ಹೊಳೆಯಲು ಅರೆಗಳಿಗೆ ಹಿಡಿಯಿತು. ಭೂಮಿ ಬಾಯಿಬಿಡಬಾರದೇ ಎನಿಸಿತು.

"ಹಾಗಲ್ಲಮ್ಮ!" ಎಂದು ಎಲ್ಲ ಹೇಳಿಬಿಟ್ಟೆ. ಫೋನು, ಮೆಸೇಜು, ನೋಡದೆ ಕೊಟ್ಟ ತೀರ್ಪು, ಸುಳ್ಳು ರಿಪೋರ್ಟು. ಆಮೇಲೆ ಎರಡೂ ಕೈಚಾಚಿ ಲೋಟ ಈಸಿಕೊಂಡು ಕುಡಿದೆ. ಬೀಳಲಿಲ್ಲ. ವಾರದಲ್ಲಿ ಮೊದಲ ಸಲ ಲೋಟ ಕೈಯಲ್ಲಿ ನಿಂತಿತು.

ಮೇಘಶ್ರೀ ನನ್ನನ್ನೇ ನೋಡುತ್ತಿದ್ದಳು. "ನೀವು ನೋಡಿದ್ರಿ ಸಾರ್."

"ಇಲ್ಲಮ್ಮ, ನೋಡ್ಲಿಲ್ಲ. ಅದನ್ನೇ ಹೇಳ್ತಿದೀನಿ."

"ಪಕ್ಕದಲ್ಲೇ ಇದ್ರಿ. ಗೋಡೆ ಹತ್ರ ಬಗ್ಗಿ ನಿಂತ್ಕೊಂಡು ನನ್ ಕೈನೇ ನೋಡ್ತಿದ್ರಿ. ಕ್ಯಾಚ್ ಹಿಡಿದೆ, ನೀವು ಮುಷ್ಟಿ ಎತ್ತಿ ಔಟ್ ಕೊಟ್ರಿ. ಮ್ಯಾಚ್ ಮುಗೀತಲ್ಲ ಅಂತ ಬಾಲ್ ಬಿಟ್ಟೆ. ತಿರುಗಿ ನೋಡಿದ್ರೆ ಮೂರನೇ ಬೇಸ್ ಹತ್ರಾನೂ ನೀವೇ. ಕೈ ಅಗಲಿಸ್ಕೊಂಡು ನಿಂತಿದ್ರಿ." ಗೋಡೆಯ ಮೇಲಿನ ಗ್ಲೌಸ್ ಕೈಗೆತ್ತಿಕೊಂಡು ಕೇಳಿದಳು: "ಅಷ್ಟು ಬೇಗ ಹೆಂಗೆ ವಾಪಸ್ ಓಡಿದ್ರಿ ಸಾರ್?"

"ಅಸೋಸಿಯೇಷನ್ ಸೆಕ್ರೆಟರಿಗೆ ಬರೀತೀನಮ್ಮ. ಇವತ್ತೇ" ಎಂದಷ್ಟೇ ಹೇಳಿ ಎದ್ದು ಬಂದೆ.

ಫೆಬ್ರವರಿ 10, ಮಂಗಳವಾರ. ಬೆಳಿಗ್ಗೆ 9.10

ಮೆಸೇಜು ಟೈಪ್ ಮಾಡಿದ್ದೇನೆ. "ಫೈನಲ್‌ನ ಕೊನೆಯ ಕ್ಯಾಚನ್ನು ನಾನು ನೋಡಿರಲಿಲ್ಲ. ನನ್ನ ರಿಪೋರ್ಟು ಸುಳ್ಳು. ಮೇಘಶ್ರೀಯದು ತಪ್ಪಿಲ್ಲ." ಕಳಿಸಿಲ್ಲ.

ಮೊನ್ನೆ ಕಳಿಸಬೇಕೆಂದು ಕೂತಾಗಲೇ ಸೆಕ್ರೆಟರಿಯಿಂದ ಈಮೇಲ್ ಬಂತು. ಮಾರ್ಚಿನ ರಾಷ್ಟ್ರೀಯ ಪಂದ್ಯಾವಳಿಯ ಅಂಪೈರುಗಳಲ್ಲಿ ನನ್ನ ಹೆಸರು. ಐವತ್ತೇಳನೇ ವಯಸ್ಸಿಗೆ, ಮೊದಲ ಸಲ. ಕಾತ್ಯಾಯಿನಿ ಆಗಲೇ ಬೀಗರಿಗೆಲ್ಲ ಹೇಳಿದ್ದಾಳೆ. ನಾಮಕರಣ ಮುಗಿಯಲಿ. ಮನೆ ತುಂಬ ಜನರಿರುವಾಗ ಮಾನ ಕಳೆದುಕೊಳ್ಳುವುದು ಬೇಡ.

ಬೆರಳುಗಳು ಮತ್ತೆ ಬಂದಿವೆ. ಈಗ ಮೆತ್ತಗಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಕಿತ್ತುಕೊಂಡವು.

ಫೆಬ್ರವರಿ 12, ಗುರುವಾರ. ಬೆಳಿಗ್ಗೆ 10.25

ಹೊಸ ಪಂಚೆ. ನಡುಮನೆಯಲ್ಲಿ ತೊಟ್ಟಿಲಿಗೆ ಹೂ ಕಟ್ಟಿದ್ದಾರೆ. 10.45ಕ್ಕೆ ಮುಹೂರ್ತ. ಸೆಕ್ರೆಟರಿ ಪಟ್ಟಿ ಮುಚ್ಚುವುದು ಹನ್ನೊಂದಕ್ಕೆ. ಹನ್ನೊಂದು ಎಂದರೆ ಹನ್ನೆರಡಾಗುತ್ತದೆ, ನಮ್ಮವರ ಟೈಮು ಗೊತ್ತಿಲ್ಲವೇ. ಶಾಸ್ತ್ರ ಮುಗಿಸಿ ಕಳಿಸಿದರಾಯಿತು. ಫೋನು ಇಲ್ಲೇ ಮೇಜಿನ ಮೇಲಿದೆ. ಒತ್ತಿದರೆ ಆಯಿತು. ಒಂದು ಬೆರಳಿನ ಕೆಲಸ.

ಹೂಜಿಯಿಂದ ನೀರು ಬಗ್ಗಿಸಿಕೊಳ್ಳಲು ಹೋದೆ. ಲೋಟ ನಿಲ್ಲಲಿಲ್ಲ.

"ಅಪ್ಪ, ಬಾ. ಎಲ್ರೂ ನಿಂಗೇ ಕಾಯ್ತಿದಾರೆ" — ಹಂಸಾ.

"ಬಂದೆ ಪುಟ್ಟ."

ಬಾಗಿಲ ಸಂದಿಯಿಂದ ನಡುಮನೆ ಕಾಣುತ್ತದೆ. ತೊಟ್ಟಿಲಿನ ಆಚೆ ಒಬ್ಬ ನಿಂತಿದ್ದಾನೆ. ನೀಲಿ ಶರ್ಟು, ಕಾಲರಿನಲ್ಲಿ ಒಣಗಿದ ಮಣ್ಣು. ಮಂಡಿಯ ಮೇಲೆ ಅಂಗೈ ಊರಿ ಬಗ್ಗಿದ್ದಾನೆ. ಆರತಿ ತಟ್ಟೆ ಹಿಡಿದವರು ಅವನನ್ನು ಬಳಸಿಕೊಂಡು ಹೋಗುತ್ತಿದ್ದಾರೆ. ಯಾರೂ ಕಣ್ಣೆತ್ತಿ ನೋಡುತ್ತಿಲ್ಲ.

ಬೀರು ತೆಗೆದೆ. ನನ್ನ ಶರ್ಟು ಅಲ್ಲೇ ಇದೆ. ಒಗೆದು ಇಸ್ತ್ರಿ ಮಾಡಿದ್ದು.

ಅವನು ಮಗುವನ್ನು ನೋಡುತ್ತಿಲ್ಲ. ನನ್ನ ಮುಖವನ್ನೂ ನೋಡುತ್ತಿಲ್ಲ. ಸಂದಿಯಿಂದ ನೇರವಾಗಿ ನನ್ನ ಕೈಯನ್ನೇ ನೋಡುತ್ತಿದ್ದಾನೆ.

ಬಾಗಿಲು ತೆರೆಯಿತು. ಹಂಸಾ ಮಗುವನ್ನು ಎತ್ತಿಕೊಂಡು ಇಲ್ಲಿಗೇ ಬಂದಳು. "ಅದೇನಪ್ಪ ಈಗ ಬರ್ಕೊಂಡು ಕೂತಿದೀಯ? ಹಿಡ್ಕೋ, ತಗೋ."

ಮೆಸೇಜು ಕಳಿಸಿಬಿಡುತ್ತೇನೆ, ಮೊದಲು ಅದು. ಒಂದು ನಿಮಿಷ ತಾಳು ಎನ್ನಬೇಕು. ಪೆನ್ನು ಕೆಳಗಿಟ್ಟು ಫೋನು... ಪೆನ್ನನ್ನು ನಾನು ಇನ್ನೂ ಬಿಟ್ಟಿಲ್ಲ, ಆದರೆ ಎರಡು ಬೆರಳು