ಮಸುಕು ಗಾಜಿನ ಹಿಂದಿನ ಹಣತೆ

೧೯ ನವೆಂಬರ್ ೧೯೯೬, ಮಂಗಳವಾರ. ಕ್ವೀನ್ಸ್‌ಬರಿ.

ಅಂತೂ ಕಿಟಕಿಗೆ ಗಾಜು ಬಂತು. ಕಲ್ಲು ಬಿದ್ದ ದಿನದಿಂದ ರಟ್ಟು ಅಂಟಿಸಿಕೊಂಡಿದ್ದೆವು. ಈ ಪರದೇಶದಲ್ಲಿ ಎಸೆದವರು ಯಾರೋ ತಿಳಿಯಲಿಲ್ಲ. ಕಾರ್ತಿಕವೆಂದು ನನ್ನ ಹೆಂಡತಿ ಶಿವಕ್ಕ ಆ ಕಿಟಕಿಯಲ್ಲಿಡುವ ಹಣತೆಯನ್ನು ನೋಡಿಯೇ ಎಸೆದರೆಂದು ನನ್ನ ಅನುಮಾನ. ಅವಳಿಗೆ ಹೇಳಿಲ್ಲ.

ಮನೆಯ ಮಾಲೀಕ ಆಲ್ಫ್ರೆಡ್, ಉಡುಪಿ ಕಡೆಯವರು, ಬಚ್ಚಲಿಗೆ ಹಾಕುವಂಥ ಮಸುಕು ಗಾಜು ತಂದು ಹಾಕಿಸಿದರು. "ಇನ್ನು ಹೆದರ್ಬೇಡಿ ಮಾರಾಯ್ರೆ, ಒಳಗೆ ಯಾರಿದ್ದಾರೆ ಅಂತ ದೇವರಿಗೂ ಗೊತ್ತಾಗ್ಲಿಕ್ಕಿಲ್ಲ" ಎಂದು ನಕ್ಕರು. ಅಡಗಿಕೊಳ್ಳುವುದು ಇಷ್ಟು ಸುಲಭವೆಂದು ನನಗೆ ತಿಳಿದಿರಲಿಲ್ಲ.

ಸಂಜೆ ಶಿವಕ್ಕ ಮತ್ತೆ ದೀಪ ಹಚ್ಚಿದಳು. ಹೊರಗೆ ಹೋಗಿ ನೋಡಿದೆ. ಮೊದಲು ಒಂದು ಪುಟ್ಟ ಕುಡಿ ಮಾತ್ರ ಕಾಣುತ್ತಿತ್ತು. ಈಗ ಮಸುಕು ಗಾಜಿನ ತುಂಬ ಬೆಳಕು ಹರಡಿ ಇಡೀ ಕಿಟಕಿಯೇ ಉರಿಯುತ್ತಿತ್ತು. ಬೀದಿಯಲ್ಲಿ ಅಂಥ ಕಿಟಕಿ ಬೇರೊಂದಿಲ್ಲ. ಬೀದಿಯ ಎರಡೂ ಕಡೆ ನೋಡಿದೆ.

"ಕಾಣಸ್ತದೇನ್ರೀ ದೀಪಾ?" ಬಾಗಿಲಲ್ಲೇ ನಿಂತು ಕೇಳಿದಳು.

ಆರಿಸು ಎನ್ನಲು ಬಾಯಿ ಬರಲಿಲ್ಲ. "ಏನೂ ಕಾಣವಲ್ದು" ಎಂದೆ. ಬೇಸತ್ತು ತಾನೇ ಒಳಗೆ ದೇವರ ಮುಂದಿಟ್ಟಾಳು ಎಂದುಕೊಂಡೆ.

"ಎಂಥಾ ಗಾಜ ತಂದಾನೋ ನಿಮ್ಮ ಆಲ್ಫ್ರೆಡ್ಡು" ಎನ್ನುತ್ತ ಅವಳು ಇನ್ನೂ ನಾಲ್ಕು ಹಣತೆ ತಂದು ಅಲ್ಲೇ ಸಾಲಾಗಿ ಇಟ್ಟಳು.

ಈಗ ಮಲಗಿದ್ದಾಳೆ. ಐದೂ ಉರಿಯುತ್ತಿವೆ. ಹೊರಗೆ ಯಾರಾದರೂ ನಿಂತಿದ್ದಾರೋ ನೋಡೋಣವೆಂದರೆ ಈ ಗಾಜಿನಲ್ಲಿ ನನಗೂ ಏನೂ ಕಾಣುವುದಿಲ್ಲ. ಎದ್ದು ಆರಿಸಬೇಕು. ಆರಿಸಬೇಕೆಂದರೆ ಕಿಟಕಿಯ ಹತ್ತಿರ ಹೋಗಬೇಕು—