ಮುಚ್ಚಳದೊಳಗಿನ ಮೂರು ತಾರೀಖು

ಅಪ್ಪಾ,

ಎದುರಿಗೆ ಹೇಳಲು ಬಾಯಿ ಬರುತ್ತಿಲ್ಲ. ಅದಕ್ಕೇ ಈ ಪತ್ರವನ್ನು ನಿಮ್ಮ ಭೂತಗನ್ನಡಿಯ ಕೆಳಗೆ ಇಟ್ಟಿದ್ದೇನೆ.

ಓಟ ಕಲಿಸುವ ಮೇಷ್ಟ್ರು, ನೀವು ರಿಪೇರಿ ಮಾಡಿಕೊಟ್ಟಿದ್ದ ತಮ್ಮ ಹಳೆಯ ಕ್ರೋನೋಗ್ರಾಫನ್ನು, ಓಟದ ಸಮಯ ಅಳೆಯುವ ಆ ವಾಚನ್ನು, ವಾಪಸ್ ತಂದಿದ್ದರು. "ಗುಂಡಿ ಒತ್ತಿದ್ರೆ ಮುಳ್ಳು ಓಡಲ್ಲ ಕಣಮ್ಮ, ತೆವಳುತ್ತೆ" ಅಂದರು. ಬಿಚ್ಚಿ ನೋಡಿದರೆ, ಎಣ್ಣೆ ಸೋಕಲೇಬಾರದ ಚಕ್ರದ ಮೇಲೂ ಎಣ್ಣೆ ಹರಿದಿತ್ತು. ಅಂಥದೇ ಚಕ್ರಕ್ಕೆ ನಾನು ಎಣ್ಣೆ ಸೋಕಿಸಿದೆನೆಂದು ಒಮ್ಮೆ ನೀವು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಿರಿ.

ಎಣ್ಣೆ ಹಾಕಿ ಮುಚ್ಚುವಾಗ ಮುಚ್ಚಳದ ಒಳಗೆ ಸೂಜಿಯಿಂದ ತಾರೀಖು ಗೀಚುವುದು ನಿಮ್ಮ ಪದ್ಧತಿಯಲ್ಲವೇ? ಅಲ್ಲಿ ನಿಮ್ಮದೇ ಅಕ್ಷರದಲ್ಲಿ ಹೋದ ತಿಂಗಳ ನಾಲ್ಕು, ಐದು, ಆರು, ಮೂರೂ ಇವೆ. ಮೂರು ದಿನವೂ ಅದೇ ಮೊದಲೆಂಬಂತೆ ಎಣ್ಣೆ ಹಾಕಿದ್ದೀರಿ.

ತಪ್ಪು ನನ್ನದೆಂದು ಮೇಷ್ಟ್ರಿಗೆ ಹೇಳಿದ್ದೇನೆ. ಅಮ್ಮನಿಗೆ ಏನೂ ಹೇಳಿಲ್ಲ.

ಇನ್ನು ಯಾವ ವಾಚು ಬಿಚ್ಚುವ ಮೊದಲೂ ನನ್ನನ್ನು ಕೂಗಿ. ಎಣ್ಣೆ ಡಬ್ಬಿ ನನ್ನ ಮೇಜಿನಲ್ಲಿದೆ, ಹುಡುಕಬೇಡಿ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರ ಬಳಿ ಹೋಗೋಣ. ನನ್ನನ್ನು ಬೈದುಕೊಂಡಾದರೂ ಬನ್ನಿ.

ಓದಿದ ಗುರುತಿಗೆ ಕೆಳಗೆ ತಾರೀಖು ಹಾಕಿಡಿ. ಹೋದ ವಾರ ನಾನು ಬರೆದಿದ್ದ ಇದೇ ಪತ್ರದ ಕೆಳಗೂ ಹಾಕಿದ್ದಿರಿ.

ನಿಮ್ಮ ಮಗಳು