ಕತ್ತರಿ ಹಿಡಿದು ಕಲಿತ ಮಾತು

ಪ್ರೀತಿಯ ಅತ್ತಿಗೆ,

ನೀವು ಮುನಿಸಿಕೊಂಡು ತವರಿಗೆ ಹೋದ ಮೇಲೆ ನನ್ನ ಇಂಗ್ಲಿಷ್ ಪಾಠ ನಿಂತಿದೆ. ಯಾವ ನಾಮಪದಕ್ಕೆ ಯಾವ ಕ್ರಿಯಾಪದ ಜೋಡಿ ಎಂದು ನೀವು ಕಲಿಸಿದ್ದನ್ನೇ ಗಟ್ಟಿಯಾಗಿ ಓದಿಕೊಳ್ಳುತ್ತೇನೆ: ಟೇಕ್ ಎ ಬಾತ್, ಕೀಪ್ ಎ ಪ್ರಾಮಿಸ್.

ಮೊನ್ನೆ ಅಣ್ಣ ಮೆಲ್ಲಗೆ ಬಂದು, "ಅಪಾಲಜಿ ಜೊತೆ ಯಾವುದು ಬರುತ್ತೆ?" ಅಂದ.

"ಮೇಕ್. ಆದರೆ ಕ್ಷಮೆನ ಕನ್ನಡದಲ್ಲೇ ಕೇಳಬಾರದಾ?"

"ಬಾಯಿ ಬರಲ್ಲ ಕಣೇ."

ಈಗ ತನ್ನ ಸಲೂನಿನಲ್ಲಿ ಕತ್ತರಿ ಹಿಡಿದು, ಕನ್ನಡಿ ನೋಡಿಕೊಂಡು, ನಾನು ಹೇಳಿದ 'ಮೇಕ್' ಮರೆತು, "ಐ ಡೂ ಅಪಾಲಜಿ" ಎಂದು ಅಭ್ಯಾಸ ಮಾಡುತ್ತಿದ್ದಾನೆ. ನಿನ್ನೆ ಕುರ್ಚಿಯಲ್ಲಿ ಕೂತಿದ್ದ ಗಿರಾಕಿ ಗಾಬರಿಯಾಗಿ ಕಿವಿ ಮುಟ್ಟಿ ನೋಡಿಕೊಂಡರು.

ಶನಿವಾರ ಅಂಗಡಿ ಮುಚ್ಚಿ ಅಲ್ಲಿಗೆ ಬರುತ್ತಾನೆ. ಅವನು ಹೇಳಿ ಮುಗಿಸುವ ತನಕ ದಯವಿಟ್ಟು ನಗಬೇಡಿ. ತಪ್ಪನ್ನು ನಾನು ಬೇಕೆಂದೇ ತಿದ್ದಿಲ್ಲ. ಮನೆಗೆ ಬಂದು ನೀವೇ ತಿದ್ದಿ.

ಪಾಠಕ್ಕೆ ಕಾದಿರುವ,
ನಿಮ್ಮ ನಾದಿನಿ